ದಿಂಬಿನಡಿಯ ಚಪ್ಪಲಿ

ಚಪ್ಪಲಿ ದಿಂಬಿನ ಕೆಳಗಿತ್ತು.

ಟೀ ಲೋಟ ಹಿಡಿದು ಅಣ್ಣನನ್ನು ಎಬ್ಬಿಸಲು ಬಂದ ತಮ್ಮ ಬಾಗಿಲಲ್ಲೇ ನಿಂತ. ಮಂಚ ಖಾಲಿ. ಅಣ್ಣ ನೆಲದ ಮೇಲೆ ಗೋಡೆಗೆ ಮುಖಮಾಡಿ ಮುದುಡಿಕೊಂಡಿದ್ದ. ಹೊಸ ದಿಂಬಿನಡಿಯಿಂದ ಸವೆದ ಚಪ್ಪಲಿಯ ತುದಿ ಇಣುಕುತ್ತಿತ್ತು.

ಮೂರು ದೇಶಗಳಲ್ಲಿ ಹಳ್ಳಿ ಬಿಟ್ಟು ಕೂಲಿಗೆ ಹೋಗುವವರನ್ನು ಹೋಲಿಸಿ ತಮ್ಮನು ಬರೆದ ಪುಸ್ತಕದಲ್ಲಿ ಎಲ್ಲರೂ ಮೆಚ್ಚಿದ್ದು ಒಂದೇ ಮಾತನ್ನು: ಭಾಷೆ ಬೇರೆ, ಊಟ ಬೇರೆ, ಆದರೆ ಮೂರೂ ಕಡೆ ಶೆಡ್ಡಿನಲ್ಲಿ ಮಲಗುವವರು ಕಳ್ಳರ ಭಯಕ್ಕೆ ಚಪ್ಪಲಿಯನ್ನು ತಲೆಯಡಿ ಇಟ್ಟುಕೊಳ್ಳುತ್ತಾರೆ. ಇವತ್ತಿನ ಸಭೆಯಲ್ಲೂ ಅದನ್ನೇ ಹೇಳಬೇಕಿತ್ತು. ತನ್ನ ಮನೆ ನಾಲ್ಕನೆಯ ದೇಶವಾದೀತೆಂದು ಅವನು ಎಣಿಸಿರಲಿಲ್ಲ.

"ಮಂಚದ ಮೇಲೆ ಮಲಗಬಾರದಿತ್ತಾ?"

"ಬೆನ್ನಿಗೆ ಒಗ್ಗಲ್ಲ." ಅಣ್ಣ ಎದ್ದು ಚಪ್ಪಲಿಯನ್ನು ಮರೆಗೆ ಸರಿಸಿಕೊಂಡ.

ತಮ್ಮ ಓದಲೆಂದು ಮೀಸೆ ಮೂಡುವ ಮೊದಲೇ ಕಟ್ಟಡದ ಕೆಲಸಕ್ಕೆ ಹೋದವನು ಅಣ್ಣ. ಈಗ ಮಂಡಿ ಕೈಕೊಟ್ಟಿದೆ. ಮೇಸ್ತ್ರಿ ಬರಬೇಡವೆಂದಿದ್ದಾನೆ. ಊರಲ್ಲಿ ತನ್ನದೆನ್ನುವುದು ಏನೂ ಉಳಿದಿಲ್ಲ. ಬಾಯಿಬಿಟ್ಟು ಕೇಳುವ ಜಾಯಮಾನವಲ್ಲ. 'ಇಲ್ಲೇ ಇರು' ಎಂಬ ಒಂದು ಮಾತಿಗೆ ಕಾಯುತ್ತಿದ್ದ. ಅದು ತಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

"ನಿನ್ನ ಪುಸ್ತಕದವರೆಲ್ಲ, ಮೈಯಲ್ಲಿ ಆಗದೇ ಹೋದಮೇಲೆ ಎಲ್ಲಿಗೆ ಹೋಗ್ತಾರೆ?" ಅಣ್ಣ ಟೀ ಊದುತ್ತ ಕೇಳಿದ.

"ಒಂದೊಂದು ದೇಶದಲ್ಲಿ ಒಂದೊಂದು ಥರ. ಒಂದು ಕಡೆ ಸರ್ಕಾರ ನೋಡ್ಕೊಳ್ಳುತ್ತೆ. ಇನ್ನೊಂದು ಕಡೆ ಮಕ್ಕಳು."

"ಮೂರನೇದು?"

ಅವನು ಗಡಿಯಾರ ನೋಡಿದ. "ತಡ ಆಯ್ತಣ್ಣ. ಸಂಜೆ ಮಾತಾಡೋಣ."

"ಆಗಲಿ. ಹೋಗಿ ಬಾ."

ಹೊರಬಾಗಿಲಲ್ಲಿ ಹೆಂಡತಿ ದನಿ ತಗ್ಗಿಸಿ ಕೇಳಿದಳು. "ಭಾವ ಎಷ್ಟು ದಿನ ಇರ್ತಾರೆ?"

"ಕೇಳಿಲ್ಲ."

"ಇಲ್ಲೇ ಇರೋದಾದ್ರೆ ಇರಲಿ. ನೀವೇ ಹೇಳಿ."

ಅವಳು ಬೇಡವೆಂದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು ಎಂದುಕೊಳ್ಳುತ್ತ ಅವನು ಮೆಟ್ಟಿಲಿಳಿದ.

ಸಭೆಯಲ್ಲಿ ಚಪ್ಪಲಿಯ ಮಾತಿಗೆ ಎಲ್ಲರೂ ತಲೆದೂಗಿದರು. "ಕಣ್ಣಾರೆ ನೋಡಿದ್ದೀರಾ?" ಎಂದು ಯಾರೋ ಕೇಳಿದರು.

"ತೀರಾ ಹತ್ತಿರದಿಂದ," ಎಂದ. ನಗು ಎದ್ದಿತು. ಅವನೂ ನಕ್ಕ, ತನ್ನ ನಗು ತನಗೇ ಕೇಳಿಸಿ ಹೇಸಿಗೆಯಾಯಿತು.

ಸಂಜೆ ಬಂದಾಗ ಅಣ್ಣನ ಕೋಣೆ ಗುಡಿಸಿ ಅಚ್ಚುಕಟ್ಟಾಗಿತ್ತು. ಹಾಸಿಗೆ ಮಡಿಸಿತ್ತು, ಮೇಲೆ ದಿಂಬು.

"ಮಧ್ಯಾಹ್ನವೇ ಹೊರಟರು," ಎಂದಳು ಹೆಂಡತಿ. "ನೀವೇನೋ ಹೇಳಿರಬೇಕು ಅಂದ್ಕೊಂಡೆ."

"ಎಲ್ಲಿಗಂತೆ?"

"ಕೇಳಿದೆ. 'ಅವನಿಗೆ ಗೊತ್ತು' ಅಂದ್ರು."

ಅವನಿಗೆ ಗೊತ್ತಿರಲಿಲ್ಲ. ಬೂಟು ಬಿಚ್ಚಿ ಬಾಗಿಲ ಬಳಿ ಇಡಲು ಬಗ್ಗಿದವನಿಗೆ ಅದನ್ನು ಅಲ್ಲಿ ಬಿಡಲು ಯಾಕೋ ಹೆದರಿಕೆಯಾಯಿತು. ಎರಡನ್ನೂ ಹಿಡಿದು ಒಳಗೆ ನಡೆದ.

"ಅದನ್ಯಾಕೆ ಒಳಗೆ ತಂದ್ರಿ?"

ಅವನು ದಿಂಬು ಎಳೆದುಕೊಂಡು, ಅಣ್ಣ ಮಲಗಿದ್ದ ಜಾಗದಲ್ಲಿ ನೆಲದ ಮೇಲೆ ಉರುಳಿಕೊಂಡ. ಬೂಟುಗಳನ್ನು ದಿಂಬಿನಡಿ ತಳ್ಳಿದ. ಅವು ತೀರಾ ದಪ್ಪ. ತಲೆ ಒಂದು ಕಡೆ ನಿಲ್ಲಲಿಲ್ಲ.