ಲಗ್ನಪತ್ರಿಕೆಯ ಪ್ಯಾಕಿಂಗ್

ಹೊಸಪೇಟೆಯ ಮೆಕ್ಯಾನಿಕ್ ಕಾಳಪ್ಪನಿಗೆ ಎಣ್ಣೆ ಸೋರುವ ಎಂಜಿನ್ ಕಂಡರೆ ಮೈಯೆಲ್ಲ ಉರಿ. 1998ರಲ್ಲಿ ಅವನ ಮಗಳು ವಿರುಪಮ್ಮನ ಮದುವೆಗೆಂದು ಬ್ಯಾಂಕ್ ಮ್ಯಾನೇಜರ್ ಗೋಪೀನಾಥರಾಯರು ತಮ್ಮ ಹೊಸ ಕಾರನ್ನೇ ಕೊಟ್ಟರು. ನೋಡಿದರೆ ಅದರಲ್ಲೂ ಒಂದು ಕಡೆ ಎಣ್ಣೆ ಜಿನುಗುತ್ತಿದೆ! ಮದುಮಗಳು ಹೋಗುವ ಕಾರು ಸೋರುವುದೆಂದರೇನು? ಮದುವೆಯ ಹಿಂದಿನ ದಿನ ಸಂಜೆ ಆ ಜಾಗದಲ್ಲಿದ್ದ ಹೆಬ್ಬೆರಳಿನಷ್ಟು ಸೆನ್ಸರ್ ಬಿಚ್ಚಿದ. ಮಿಕ್ಕಿದ್ದ ಒಂದು ಲಗ್ನಪತ್ರಿಕೆಯ ದಪ್ಪ ರಟ್ಟಿನಲ್ಲಿ ಎಣ್ಣೆ ತಡೆಯುವ ಪ್ಯಾಕಿಂಗ್ ಕತ್ತರಿಸಿ ಅಡಿಗಿಟ್ಟು ಬಿಗಿದ. ಮೂವತ್ತು ವರ್ಷದಿಂದ ಹಳೆಯ ಗಾಡಿಗಳಿಗೆ ಅವನು ಮಾಡುತ್ತ ಬಂದದ್ದೂ ಇದನ್ನೇ. ಎಣ್ಣೆ ನಿಂತಿತು.

ಬೆಳಿಗ್ಗೆ ಕಾರು ಸ್ಟಾರ್ಟೇ ಆಗಲಿಲ್ಲ.

ಕಂಪ್ಲಿಯಲ್ಲಿ ಹತ್ತೂವರೆಗೆ ಮುಹೂರ್ತ. ಆಗಲೇ ಒಂಬತ್ತು ದಾಟಿತ್ತು. ಮಂದಿಯೆಲ್ಲ ಲಾರಿಯಲ್ಲಿ ಮುಂದೆ ಹೋಗಿಬಿಟ್ಟಿದ್ದರು. ತಲೆತುಂಬ ಹೂ ಮುಡಿದ ವಿರುಪಮ್ಮ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಪೆಟ್ರೋಲು ಇದೆ, ಬ್ಯಾಟರಿ ಗಟ್ಟಿ ಇದೆ, ಎಂಜಿನ್ ಮಾತ್ರ ಗರಗರ ತಿರುಗಿ ಸುಮ್ಮನಾಗುತ್ತಿತ್ತು. ಮುಹೂರ್ತ ತಪ್ಪಿದರೆ ಬೀಗರಿಗೆ ಏನು ಹೇಳುವುದು? ಕಾಳಪ್ಪ ಮತ್ತೆ ಬಾನೆಟ್ ಎತ್ತಿದ.

"ಊರ ಗಾಡಿ ಎಲ್ಲಾ ರಿಪೇರಿ ಮಾಡ್ತೀರಿ, ಮಗಳ ಗಾಡಿ ನಿಂತೈತಿ ನೋಡ್ರಿ!" ಎಂದು ಹೆಂಡತಿ ಯಲ್ಲಕ್ಕ ಚುಚ್ಚಿದಳು.

ವಿರುಪಮ್ಮ ಕಿಟಕಿಯಿಂದ ತಲೆ ಹೊರಹಾಕಿದಳು. "ಅಪ್ಪಾ, ಗಾಡಿ ಕೆಟ್ಟು ಬಂದೋರಿಗೆಲ್ಲ ಮೊದ್ಲು ಏನ್ ಕೇಳ್ತಿ? ಕಡೀಗೆ ಯಾವುದಕ್ಕ ಕೈ ಹಚ್ಚಿದ್ರಿ ಅಂತ. ನೀ ಯಾವುದಕ್ಕ ಹಚ್ಚಿದ್ದಿ?"

"ಆ ಸೆನ್ಸರಿಗವ್ವ..."

ಪಕ್ಕದಲ್ಲೇ ನಿಂತಿದ್ದ, ಕಾರಿನ ಪುಸ್ತಕವನ್ನು ಮೂರು ಸಲ ಓದಿದ್ದ ಗೋಪೀನಾಥರಾಯರು ತಲೆ ಹಿಡಿದುಕೊಂಡರು. "ಅದು ಎಂಜಿನ್ನಾಗ ತಿರುಗೋ ಕ್ಯಾಮ್‌ಶಾಫ್ಟಿನ ಸೆನ್ಸರ್ರೀ! ಕ್ಯಾಮ್ ತಿರುಗಿ ಅದರ ಹಲ್ಲು ಎದುರಿಗೆ ಬಂದಾಗ, ಈಗ ಯಾವ ಸಿಲಿಂಡರಿನ ಪಾಳಿ ಅಂತ ಕಾರಿನ ಕಂಪ್ಯೂಟರಿಗೆ ಸುದ್ದಿ ಕೊಡ್ತದ. ಆಮ್ಯಾಲೆ ಪೆಟ್ರೋಲು, ಕಿಡಿ ಎಲ್ಲಾ. ಹಲ್ಲಿಗೂ ಅದಕ್ಕೂ ಕೂದಲೆಳೆ ಸಂದು ಅಷ್ಟೇ ಇರಬೇಕು."

ಕಾಳಪ್ಪ ಹಣೆ ಚಚ್ಚಿಕೊಂಡ. ರಟ್ಟು ಸೆನ್ಸರನ್ನು ಮೇಲಕ್ಕೆತ್ತಿದೆ, ಪಾಪ, ಅದಕ್ಕೆ ಹಲ್ಲೇ ಕಾಣುತ್ತಿಲ್ಲ! ಬಿಚ್ಚಿ, ರಟ್ಟು ಕಿತ್ತೆಸೆದು, ಮತ್ತೆ ಬಿಗಿದ. ಕೀಲಿ ತಿರುಗಿಸಿದ್ದೇ ತಡ, ಎಂಜಿನ್ ಜುಮ್ಮೆಂದು ಶುರುವಾಯಿತು.

"ಎಣ್ಣಿ ಸೋರಿದ್ರ ಸೋರ್ಲಿ, ಜಲ್ದಿ ಹತ್ರಿ!" ಎಂದು ಕಾಳಪ್ಪ ಕೂಗಿದ.

ಕಿತ್ತೆಸೆದ ರಟ್ಟು ಕಿಟಕಿಯಿಂದ ಹಾರಿ ವಿರುಪಮ್ಮನ ಮಡಿಲಿಗೇ ಬಿದ್ದಿತ್ತು. ನೋಡಿದರೆ, ಸೆನ್ಸರಿಗೆಂದು ಕೊರೆದ ತೂತು ಮದುಮಗ ಮೈಲಾರಲಿಂಗಪ್ಪನ ಹೆಸರಿನ ನಟ್ಟನಡುವೆ! ಅವಳು ಬಿದ್ದುಬಿದ್ದು ನಕ್ಕಳು.

"ಅಪ್ಪಾ, ಕೊಯ್ಯಾಕ ನಿನಗ ಅವರ ಹೆಸರೇ ಸಿಕ್ತೇನು?"

ಕಾಳಪ್ಪ ಕೈಯ ಎಣ್ಣೆ ಒರೆಸಿಕೊಂಡ. "ಬಾಜೂಕ ನಿನ್ನ ಹೆಸರಿತ್ತವ್ವ. ಅದರ ಮ್ಯಾಲೆ ಕತ್ರಿ ಹಚ್ಚಾಕ ಕೈ ಬರಲಿಲ್ಲ."

ವಿರುಪಮ್ಮ ನಗು ನಿಲ್ಲಿಸಿ ಆ ರಟ್ಟನ್ನು ಸೆರಗಿಗೆ ಗಂಟು ಹಾಕಿಕೊಂಡಳು.

"ಅಯ್ಯ, ಧಾರೀ ಸೀರಿಗೆ ಎಣ್ಣಿ ಹತ್ತೈತಲ್ಲೇ!" ಎಂದು ಯಲ್ಲಕ್ಕ ಚೀರಿದಳು.

"ಹತ್ಲಿ ಬಿಡವ್ವ. ನಮ್ಮಪ್ಪನ ಕೈಯಾಗಿಂದಲ್ಲೇನು."