ಅಮ್ಮನ ವಾಸನೆ ಹಿಡಿದ ಮರಿಗಳು

ಅಪ್ಪ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಅರ್ಧ ದಾರಿಯಲ್ಲಿ ಸಿಕ್ಕಿಕೊಂಡವರನ್ನು ಅವನು ಹೇಗೆ ಇಳಿಸಿದ, ಒಳಗಿದ್ದವರು ಎಷ್ಟು ಅತ್ತರು, ದಪ್ಪನೆಯ ಬ್ಯಾಂಕ್ ಮ್ಯಾನೇಜರ್ ಕೆಳಗಿಳಿದವನೇ ಹೇಗೆ ಅವನ ಕಾಲಿಗೆ ಬಿದ್ದ, ಇಂಥ ಕಥೆಗಳನ್ನು ಕೇಳಿಯೇ ನಾನು ಬೆಳೆದದ್ದು. ಒಂದು ದಿನ ಅವನೇ ಲಿಫ್ಟಿನ ಗುಂಡಿಗೆ ಬಿದ್ದು ಬಲ ಹೆಗಲು ಮುರಿದುಕೊಂಡ. ಮೂಳೆ ಕೂಡಿತು, ಆದರೆ ಕೈ ಭುಜದಿಂದ ಮೇಲೆ ಏಳಲಿಲ್ಲ. ಕೆಲಸವಿಲ್ಲದೆ ಮನೆಯಲ್ಲಿ ಕೂತ.

ಅಮ್ಮ ಕನ್ನಡಕದ ಅಂಗಡಿಯಲ್ಲಿದ್ದಳು. ಗಾಜಿನ ಅಂಚು ಉಜ್ಜಿ, ಫ್ರೇಮಿಗೆ ಕೂರಿಸುವ ಕೆಲಸ. ಅಪ್ಪ ಮನೆಯಲ್ಲಿ ಕೂತ ಮೇಲೆ ಅಂಗಡಿಗೆ ಮತ್ತೆ ಮತ್ತೆ ಫೋನ್ ಬರತೊಡಗಿತು. ಊಟ ಆಯ್ತಾ, ಹೊರಟ್ಯಾ, ಪಕ್ಕದಲ್ಲಿ ನಗ್ತಿರೋದು ಯಾರು? ಕೊನೆಗೆ ಅಂಗಡಿಯ ಯಜಮಾನಿಯೇ ಫೋನೆತ್ತಿ, "ನಿಮ್ಮ ಹೆಂಡ್ತಿ ಇಲ್ಲೇ ಇದ್ದಾಳೆ, ಎಲ್ಲೂ ಓಡಿಹೋಗಿಲ್ಲ, ಇನ್ನು ಫೋನ್ ಮಾಡ್ಬೇಡಿ" ಎಂದು ಇಟ್ಟರು. ಅಪ್ಪ ಕೂಗಾಡುವವನಲ್ಲ, ಕೈ ಎತ್ತುವವನಂತೂ ಅಲ್ಲವೇ ಅಲ್ಲ. ನೆರೆಯವರು ಅಮ್ಮನಿಗೆ, "ನೀನು ಪುಣ್ಯ ಮಾಡಿದ್ದೆ ಕಣೇ" ಎನ್ನುತ್ತಿದ್ದರು.

ಅದಾದ ಕೆಲವು ದಿನಕ್ಕೆ ಅವನು ರಟ್ಟಿನ ಡಬ್ಬದಲ್ಲಿ ಎರಡು ಮರಿ ತಂದ. ಗೆಳೆಯನ ಬೇಟೆನಾಯಿ ಈದಿತ್ತಂತೆ. ನೆಲ ಗುಡಿಸುವಷ್ಟು ಉದ್ದ ಕಿವಿ, ಅಳತೆ ಮೀರಿದ ಪಾದ. ಮೂತಿ ಕಪ್ಪಗಿದ್ದ ಹೆಣ್ಣಿಗೆ ಮಸಿ ಎಂದು ಹೆಸರಿಟ್ಟೆ. ಹೊಟ್ಟೆ ತುಂಬಿದಾಗಲೆಲ್ಲ ಉರುಳಿಬೀಳುತ್ತಿದ್ದ ಗಂಡಿಗೆ ಗುಂಡ.

ಮರಿಗಳೇ ಅವು! ತಿಂಗಳು ತುಂಬುವುದರೊಳಗೆ ನನ್ನ ಶಾಲೆಯ ಬೂಟು, ಸೋಫಾದ ಒಂದು ಮೂಲೆ, ಬಟ್ಟೆ ತೊಳೆಯುವ ಯಂತ್ರದ ಪೈಪು ಎಲ್ಲ ಮಾಯ. ದಿಂಬು ಹರಿದು ಹಾಕಿದ ದಿನ ಹತ್ತಿಯ ನಡುವೆ ಎರಡೂ ಸಾಧುಗಳ ಹಾಗೆ ಕೂತಿದ್ದವು. ಅಮ್ಮ ನಕ್ಕು ನಕ್ಕು ಗೋಡೆಗೆ ಒರಗಿದಳು. "ಒಂದು ಹೆತ್ತು ಸಾಕಾಗಿತ್ತು, ಈಗ ಅವಳಿ ಬೇರೆ!"

ನಾಯಿ ಡಾಕ್ಟರಮ್ಮ ಮರಿಗಳ ಬಾಯಿ ಬಿಡಿಸಿ ಹಲ್ಲು ನೋಡಿ ಹೇಳಿದರು: "ಈ ಜಾತಿಗೆ ಬುದ್ಧಿ ಇರೋದು ಮೂಗಲ್ಲಿ. ಬರೀ ವಾಕಿಂಗ್ ಮಾಡ್ಸಿದ್ರೆ ಸಾಲಲ್ಲ. ಮೂಗಿಗೆ ಕೆಲಸ ಕೊಡಿ. ಇಲ್ಲಾಂದ್ರೆ ನಿಮ್ಮ ಮನೇನೇ ತಿಂದು ಹಾಕ್ತಾವೆ. ಹೊಡೀಬೇಡಿ, ಹಸಿವಲ್ಲಿ ಇಡಬೇಡಿ. ಮೊದಲು ತಿಂಡಿ ಬಚ್ಚಿಡಿ, ಆಮೇಲೆ ಬಟ್ಟೆ, ಆಮೇಲೆ ಮನುಷ್ಯರನ್ನ."

ಅಪ್ಪ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಮೊದಮೊದಲು ಬಚ್ಚಿಟ್ಟುಕೊಳ್ಳುತ್ತಿದ್ದವಳು ನಾನು. ಬೀರುವಿನೊಳಗೆ, ಮಂಚದ ಕೆಳಗೆ, ತಾರಸಿಯ ನೀರಿನ ಟ್ಯಾಂಕಿನ ಹಿಂದೆ. ಅಪ್ಪ ನನ್ನ ಕಾಲುಚೀಲವನ್ನು ಅವುಗಳ ಮೂಗಿಗೆ ಹಿಡಿದು "ಹುಡುಕು" ಎನ್ನುತ್ತಿದ್ದ. ಉಗುರು ನೆಲಕ್ಕೆ ಕಟಕಟ ಬಡಿಯುವ ಸದ್ದು ದೂರದಿಂದ ಹತ್ತಿರಕ್ಕೆ ಬರುವಾಗ ನನಗೆ ಹೊಟ್ಟೆಯಲ್ಲಿ ಕಚಗುಳಿಯಾಗುತ್ತಿತ್ತು. ಬಾಗಿಲು ತಳ್ಳಿ ಒಳಗೆ ನುಗ್ಗಿ ಮುಖವೆಲ್ಲ ನೆಕ್ಕುತ್ತಿದ್ದವು. ಅಪ್ಪ ಹಿಂದೆ ನಿಂತು ನಗುತ್ತಿದ್ದ. ಗುಂಡಿಗೆ ಬಿದ್ದ ಮೇಲೆ ಅವನು ಹಾಗೆ ನಕ್ಕಿರಲೇ ಇಲ್ಲ. ಅಮ್ಮನೂ ಅದನ್ನು ನೋಡಿ, "ಹೆಗಲಿಗಿಂತ ಮೊದಲು ಮನಸ್ಸು ನೆಟ್ಟಗಾಯ್ತು" ಎಂದಳು.

ಒಂದು ದಿನ ನಾನು ಕಾಲುಚೀಲ ತಂದುಕೊಟ್ಟರೆ ಅಪ್ಪ ಬೇಡವೆಂದ. "ನಿನ್ನ ವಾಸನೆ ಅವಕ್ಕೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಅಮ್ಮಂದು ಕೊಡು."

ಒಗೆಯುವ ಬುಟ್ಟಿಯಿಂದ ಅಮ್ಮನ ಕರವಸ್ತ್ರ ತಂದುಕೊಟ್ಟೆ. ಅಮ್ಮ ಕೆಲಸ ಮುಗಿಸಿ ಮನೆಗೆ ಬಂದೊಡನೆ ಮರಿಗಳೊಡನೆ ಹೊರಡುವುದು, ಅವಳು ಬಂದ ದಾರಿಯನ್ನು ಹಿಂದಕ್ಕೆ ಹುಡುಕುತ್ತ ಹೋಗುವುದು ಅಂದಿನಿಂದ ಅಪ್ಪನ ದಿನಚರಿಯಾಯಿತು. ಊಟಕ್ಕೆ ಕೂತಾಗ ವರದಿ.

"ಇವತ್ತು ನೀನು ಔಷಧಿ ಅಂಗಡಿ ಗಲ್ಲಿಯಿಂದ ಬಂದೆ. ಸರಿ ತಾನೇ?"

"ಹೌದು," ಎಂದು ಅಮ್ಮ ನಕ್ಕಳು.

"ಪುಸ್ತಕದ ಅಂಗಡಿ ಮುಂದೆ ನಿಂತಿದ್ದೆ."

"ಪುಟ್ಟಿಗೆ ಪೆನ್ಸಿಲ್ ಬೇಕಿತ್ತು. ಅಬ್ಬಾ, ಭಾರಿ ಮೂಗು ಇವುಗಳದ್ದು!"

ಕೆಲವು ದಿನ ಅದು ಆಟವೇ ಆಗಿತ್ತು. ಆಮೇಲೊಂದು ಸಂಜೆ ಅಪ್ಪ ತಟ್ಟೆ ಮುಂದೆ ಕೂತು ಮೆಲ್ಲಗೆ ಕೇಳಿದ: "ಹಳೇ ಬಸ್ ಶೆಡ್ ಹತ್ತಿರ ಯಾರ ಜೊತೆ ನಿಂತಿದ್ದೆ? ಮಸಿ ಅಲ್ಲೇ ಸುತ್ತಿ ಸುತ್ತಿ ಬರ್ತಿತ್ತು. ಬಹಳ ಹೊತ್ತು ನಿಂತಿರ್ಬೇಕು."

ಅಮ್ಮನ ತುತ್ತು ಬಾಯಿಗೆ ಹೋಗಲಿಲ್ಲ. "ಅಣ್ಣ ಸಿಕ್ಕಿದ್ದ," ಎಂದಳು.

ಸೋದರಮಾವ ನೀರಿನ ಕ್ಯಾನು ಸಾಗಿಸುವ ವ್ಯಾನ್ ಓಡಿಸುತ್ತಿದ್ದ. ಅಪ್ಪನಿಗೂ ಅವನಿಗೂ ಮಾತು ಬಿಟ್ಟುಹೋಗಿತ್ತು. ಅಪ್ಪ, "ಓಹೋ" ಎಂದಷ್ಟೇ ಅಂದು ಊಟ ಮುಗಿಸಿದ. ತಟ್ಟೆಯನ್ನೂ ತಾನೇ ತೊಳೆದಿಟ್ಟ. ಮೇಜಿನ ಕೆಳಗೆ ಗುಂಡ ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿತ್ತು. ಮೊದಲ ಸಲ ನಾನು ಕಾಲನ್ನು ಹಿಂದಕ್ಕೆ ಎಳೆದುಕೊಂಡೆ.

ಅಮ್ಮ ಒಂದು ದಿನ ಬಸ್ಸಿನಲ್ಲಿ ಬಂದಳು, ಇನ್ನೊಂದು ದಿನ ಅಂಗಡಿಯಲ್ಲೇ ಚಪ್ಪಲಿ ಬದಲಾಯಿಸಿ ಬಂದಳು. ಅಪ್ಪನಿಗೆ ಅದೂ ಗೊತ್ತಾಗುತ್ತಿತ್ತು. "ಇವತ್ತು ಅವಕ್ಕೆ ದಾರಿ ಸಿಗ್ಲೇ ಇಲ್ಲ. ಏನು ಮಾಡ್ದೆ?" ಎಂದು ಸುಮ್ಮನೆ ತಿಳಿದುಕೊಳ್ಳುವವನ ಹಾಗೆ ಕೇಳುತ್ತಿದ್ದ. ಉತ್ತರ ಬರುವವರೆಗೂ ಅವಳ ಮುಖದಿಂದ ಕಣ್ಣು ತೆಗೆಯುತ್ತಿರಲಿಲ್ಲ.

ಅಷ್ಟರಲ್ಲಿ ಮರಿಗಳು ಮರಿಗಳಾಗಿ ಉಳಿದಿರಲಿಲ್ಲ. ಕಾಲು ನೀಳವಾಯಿತು, ಎದೆ ಹರಡಿತು. ಹೊಟ್ಟೆ ಮಾತ್ರ ಬೆನ್ನಿಗೆ ಹತ್ತಿಕೊಂಡಿತ್ತು. ಹಸಿದ ನಾಯಿಯೇ ಚೆನ್ನಾಗಿ ಹುಡುಕುವುದು ಎಂದು ಅಪ್ಪ ತೀರ್ಮಾನಿಸಿದ್ದ. ಊಟ ಹಾಕುವ ಕೈ ಒಂದೇ ಇರಬೇಕೆಂದು ಅವುಗಳ ತಟ್ಟೆಯನ್ನು ನಾವು ಮುಟ್ಟುವಂತಿರಲಿಲ್ಲ. ಚುಚ್ಚುಮದ್ದಿಗೆ ಹೋದಾಗ ಡಾಕ್ಟರಮ್ಮ ತೂಕ ನೋಡಿ ಹುಬ್ಬು ಗಂಟಿಕ್ಕಿದರು. ಅಪ್ಪ ಹಗ್ಗ ಸರಿಮಾಡಲು ಹೊರಗೆ ಹೋದಾಗ ಅಮ್ಮನನ್ನು ಕೇಳಿದರು: "ಇವಕ್ಕೆ ಏನು ಕಲಿಸ್ತಿದ್ದಾರೆ?"

ಅಮ್ಮ ಬಾಗಿಲ ಕಡೆ ನೋಡಿ ಹೇಳಿದಳು: "ನನ್ನನ್ನ ಹುಡುಕೋದು."

ಡಾಕ್ಟರಮ್ಮ ತಮ್ಮ ನಂಬರ್ ಬರೆದ ಚೀಟಿಯನ್ನು ಅಮ್ಮನ ಅಂಗೈಗೆ ಒತ್ತಿದರು.

ಹೊಸ ಪಾಠ ಶುರುವಾಯಿತು. ಹುಡುಕಿ ಸಿಕ್ಕವರನ್ನು ಅಲ್ಲಾಡಲು ಬಿಡಬಾರದು, ಅಪ್ಪ ಬರುವವರೆಗೆ ಬೊಗಳುತ್ತಿರಬೇಕು. ಅದಕ್ಕೆ ಅವನು ಕೊಟ್ಟ ಮಾತು "ಹಿಡಿ".

ರಜೆಯ ದಿನ ಅಮ್ಮ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಇದ್ದಕ್ಕಿದ್ದಂತೆ ಎರಡೂ ಅವಳ ಮೇಲೆ ಬಂದವು. ಕಚ್ಚಲಿಲ್ಲ. ಒಂದು ಎಡಕ್ಕೆ, ಒಂದು ಬಲಕ್ಕೆ ನಿಂತು, ಅವಳು ಒಂದು ಹೆಜ್ಜೆ ಇಟ್ಟರೆ ತಾವೂ ಒಂದು ಹೆಜ್ಜೆ ಇಟ್ಟು, ಅವಳ ಬೆನ್ನು ಕಾಂಪೌಂಡ್ ಗೋಡೆಗೆ ತಾಗುವವರೆಗೆ ತಳ್ಳಿದವು. ಆಮೇಲೆ ಬೊಗಳತೊಡಗಿದವು. ಚಿಕ್ಕ ಬೊಗಳು, ನಡುವೆ ಬಿಡುವು, ಮತ್ತೆ ಬೊಗಳು. ಅಮ್ಮನ ಕೈಯಲ್ಲಿ ಒದ್ದೆ ಹೊದಿಕೆ ಇತ್ತು. ಅದರ ನೀರು ಅವಳ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. "ರೀ!" ಎಂದು ಕೂಗಿದಳು. "ರೀ, ಬನ್ರೀ!"

ಅಪ್ಪನನ್ನು ಕರೆಯಲು ನಾನು ಅಡುಗೆಮನೆಗೆ ಓಡಿದೆ. ಅವನು ಅಲ್ಲೇ ಇದ್ದ. ಕಿಟಕಿಯ ಬಳಿ ಚಹಾ ಹಿಡಿದು ನಿಂತು ಹೊರಗೆ ನೋಡುತ್ತಿದ್ದ. "ಶ್," ಎಂದ. "ಎಷ್ಟು ಹೊತ್ತು ಹಿಡ್ಕೊಂಡಿರ್ತವೆ ನೋಡೋಣ." ಚಹಾ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಹೊರಗೆ ಹೋದ. ನಾಯಿಗಳ ತಲೆ ಸವರಿ "ಶಾಬಾಸ್" ಎಂದ. ಅಮ್ಮ ಮಣ್ಣಾದ ಹೊದಿಕೆಯನ್ನು ಮತ್ತೆ ಒಗೆಯಲು ಹಾಕಿದಳು.

ಅಮ್ಮ ಚೀಟಿಯ ನಂಬರಿಗೆ ಫೋನ್ ಮಾಡಿದಳು. ಮುಂದಿನ ವಾರ ಡಾಕ್ಟರಮ್ಮ ಅಪ್ಪನಿಗೆ ಫೋನ್ ಮಾಡಿ, ಎರಡೂ ನಾಯಿಗಳ ರಕ್ತ ಪರೀಕ್ಷೆ ಮಾಡಬೇಕು, ಬೆಳಿಗ್ಗೆ ಕರೆತನ್ನಿ ಎಂದರು. ಅಪ್ಪ ಹಗ್ಗ ಹಿಡಿದು ತಿರುವು ದಾಟಿದ್ದೇ ತಡ, ಮಾವನ ವ್ಯಾನು ಬಂತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅಷ್ಟು ದಿನ ತಡೆದುಕೊಂಡಿದ್ದ ಅಮ್ಮ ಅಂದು ಎರಡೇ ಚೀಲ ಹಿಡಿದು ನನ್ನೊಡನೆ ಮನೆ ಬಿಟ್ಟಳು. ನೀರಿನ ಕ್ಯಾನುಗಳ ನಡುವೆ ಕೂತು ನಾನು ಕೇಳಿದೆ: "ಮಸಿ, ಗುಂಡ?"

"ಅವು ಬಂದ್ರೆ ಅವನೂ ಬರ್ತಾನೆ," ಎಂದು ಅಮ್ಮ ಮುಖ ಆಚೆ ತಿರುಗಿಸಿದಳು.

ಊರಿನ ಇನ್ನೊಂದು ತುದಿಯಲ್ಲಿ ಟೈರ್ ಅಂಗಡಿಯ ಮೇಲೊಂದು ಕೋಣೆ ಮಾವ ಗೊತ್ತುಮಾಡಿದ್ದ. ಅಂಗಡಿಯ ಮುದುಕನನ್ನು ಬೀದಿಯೆಲ್ಲ ಗಾಳಿ ತಾತ ಎನ್ನುತ್ತಿತ್ತು. ಟೈರಿಗೆ ಗಾಳಿ ತುಂಬುತ್ತ ಊರಿನ ಸುದ್ದಿಗೂ ಗಾಳಿ ತುಂಬುವವನು. ನಮ್ಮ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ. ಅಮ್ಮ ಕೆಲಸಕ್ಕೆ ರಜೆ ಹಾಕಿದ್ದಳು. ಮೆಟ್ಟಿಲ ಮೇಲೆ ಸದ್ದಾದರೆ ಅವಳ ಕೈಯಲ್ಲಿದ್ದುದು ಕೆಳಗೆ ಬೀಳುತ್ತಿತ್ತು.

ನಮಗೆ ಗೊತ್ತಿಲ್ಲದೆ ಅಪ್ಪ ಮಾವನ ವ್ಯಾನಿನ ಬೆನ್ನು ಹತ್ತಿದ್ದ. ವ್ಯಾನು ನಮ್ಮ ಹೊಸ ಬೀದಿಯಲ್ಲಿ ಮತ್ತೆ ಮತ್ತೆ ನಿಲ್ಲುವುದನ್ನು ಕಂಡಿದ್ದ. ಮಿಕ್ಕದ್ದನ್ನು ನಾಯಿಗಳಿಗೆ ಬಿಟ್ಟ.

ಮಧ್ಯಾಹ್ನದ ಹೊತ್ತು. ಅಮ್ಮ ತರಕಾರಿ ಹೆಚ್ಚುತ್ತಿದ್ದಳು. ಕೆಳಗಿನಿಂದ ಆ ಬೊಗಳು ಕೇಳಿಸಿತು. ಚಿಕ್ಕದು, ಬಿಡುವು, ಮತ್ತೆ ಚಿಕ್ಕದು. ಅಮ್ಮ ಚಾಕು ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು. ನನ್ನನ್ನು ನೋಡಿ ಮತ್ತೆ ಕೆಳಗಿಟ್ಟಳು.

"ನೀನು ಇಲ್ಲೇ ಇರು," ಎಂದಳು. ನಾನು ಇರಲಿಲ್ಲ, ಅವಳ ಹಿಂದೆಯೇ ಇಳಿದೆ.

ಮೆಟ್ಟಿಲ ಬುಡದಲ್ಲಿ ಅಪ್ಪ ನಿಂತಿದ್ದ. ಎರಡು ಹಗ್ಗವನ್ನೂ ಎಡಗೈಗೆ ಸುತ್ತಿಕೊಂಡಿದ್ದ. ಪಂದ್ಯ ಗೆದ್ದವನಂತೆ ನಗುತ್ತಿದ್ದ. "ನೋಡ್ದ್ಯಾ? ಬೀದಿ ತುದಿಯಿಂದ ನೇರ ಇಲ್ಲಿಗೇ ಬಂದ್ವು. ಒಂದು ಕಡೇನೂ ತಪ್ಪಲಿಲ್ಲ."

"ಯಾಕೆ ಬಂದ್ರಿ?"

"ನಾನೆಲ್ಲಿ ಬಂದೆ? ಇವು ಕರ್ಕೊಂಡು ಬಂದ್ವು. ನಡಿ, ಮನೆಗೆ ಹೋಗೋಣ."

ಬೊಗಳು ನಿಂತಿರಲಿಲ್ಲ. ಹುಡುಕಿದ ಮೇಲೆ ಬೊಗಳಬೇಕೆಂದು ಕಲಿತವು ಬೊಗಳುತ್ತಲೇ ಇದ್ದವು. ಎದುರು ಮನೆಯ ಕಿಟಕಿ ತೆರೆಯಿತು. ಹೊಲಿಗೆಯಂಗಡಿಯ ಹೆಂಗಸರು ಹೊರಬಂದರು. ಟೈರ್ ಅಂಗಡಿಯ ಆಳುಗಳು ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ಅಪ್ಪ "ಸಾಕು, ಸಾಕು" ಎಂದ. ಹಸಿದಿದ್ದವು, ತಿಂಡಿ ಸಿಗದೆ ನಿಲ್ಲಿಸಲಿಲ್ಲ. ಇಷ್ಟು ಜನರ ಮುಂದೆ ಮಾತಾಡಿ ಅಪ್ಪನಿಗೆ ಅಭ್ಯಾಸವಿರಲಿಲ್ಲ.

ಗಾಳಿ ತಾತ ಕೇಳಿದ: "ಏನಪ್ಪಾ ಇದು? ಹೆಂಡ್ತಿ ಹಿಡಿಯೋಕೆ ನಾಯಿ ಬಿಡ್ತಾರಾ?"

ಅಪ್ಪನ ನಗು ಆರಿತು. ಹಗ್ಗ ಸಡಿಲಿಸಿ, ತಗ್ಗಿದ ಸ್ವರದಲ್ಲಿ, "ಹಿಡಿ" ಎಂದ.

ನಾಯಿಗಳು ಮೆಟ್ಟಿಲು ಹತ್ತಿದವು. ಅಮ್ಮ ಹಿಂದೆ ಸರಿಯಲಿಲ್ಲ. ಇದ್ದ ಮೆಟ್ಟಿಲ ಮೇಲೇ ಕುಸಿದು ಕೂತು, ಎರಡೂ ಅಂಗೈಯನ್ನು ತೊಡೆಯ ಮೇಲೆ ತೆರೆದಿಟ್ಟಳು. ಓಡದೆ ಕೂತವರ ಜೊತೆ ಏನು ಮಾಡಬೇಕೆಂದು ಅವುಗಳಿಗೆ ಯಾರೂ ಕಲಿಸಿರಲಿಲ್ಲ. ಮಸಿ ಬೊಗಳುವುದನ್ನು ನಿಲ್ಲಿಸಿ ಅಪ್ಪನ ಕಡೆ ನೋಡಿತು, ಅಮ್ಮನ ಕಡೆ ನೋಡಿತು. ಗುಂಡ ಮುಂದೆ ಬಂದು ಅವಳ ಬೆರಳು ಮೂಸಿತು, ತರಕಾರಿಯ ರಸವನ್ನು ನೆಕ್ಕಿತು, ಅಲ್ಲೇ ಅವಳ ಕಾಲ ಬಳಿ ಮುದುರಿತು.

ಅಪ್ಪ ಹಗ್ಗವನ್ನು ಜೋರಾಗಿ ಎಳೆದ. ಎಡಗೈ ಸಾಲದೆ ಬಲಗೈಯನ್ನೂ ಹಾಕಿದ. ಹೆಗಲು ಹಿಡಿದುಕೊಂಡು "ಅಮ್ಮಾ" ಎಂದು ಚೀರಿ ಕೂತುಬಿಟ್ಟ. ಹಗ್ಗ ಕೈಜಾರಿತು. ಆಳೊಬ್ಬ ಎಬ್ಬಿಸಲು ಹೋದರೆ ಅವನ ಕೈ ಕೊಡವಿ ತಾನೇ ಎದ್ದ. ಮುಖ ಬೂದಿಯಾಗಿತ್ತು.

"ಪುಟ್ಟಿ, ನೀನಾದ್ರೂ ಬಾ," ಎಂದ.

"ಇಲ್ಲಪ್ಪ," ಎಂದೆ.

ಅವನು ನಾಯಿಗಳನ್ನು ಕರೆಯದೆ ಹೊರಟುಹೋದ. ಮಸಿ ಬೀದಿಯ ನಡುವಿನವರೆಗೆ ಅವನ ಹಿಂದೆ ಹೋಗಿ, ನಿಂತು, ಮರಳಿ ಬಂತು.

ಆ ಸಂಜೆಯೇ, ಅಮ್ಮ ಕರೆದೊಡನೆ ಬಂದ ಡಾಕ್ಟರಮ್ಮನೂ ಗಾಳಿ ತಾತನೂ ಅಮ್ಮನನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದರು. ಅಲ್ಲಿದ್ದವರು ಮೊದಲು ನಕ್ಕರು. ಹೊಡೆದಿದ್ದಾನಾ, ಬೈದಿದ್ದಾನಾ ಎಂದು ಕೇಳಿದರು. ಎರಡಕ್ಕೂ ಅಮ್ಮ ಇಲ್ಲವೆಂದಳು. ಡಾಕ್ಟರಮ್ಮ ಮೇಜಿನ ಮೇಲೆ ಕೈಯೂರಿ ನಾಯಿಗಳ ಪಕ್ಕೆಲುಬಿನಿಂದ ಹಿಡಿದು ಹಿತ್ತಲ ಗೋಡೆಯವರೆಗೆ ಎಲ್ಲ ಹೇಳಿದ ಮೇಲೆ ನಗು ನಿಂತಿತು. ಅಪ್ಪನನ್ನು ಕರೆಸಿ ಎಚ್ಚರಿಕೆ ಕೊಟ್ಟರು. ಕೆಲವು ತಿಂಗಳ ಮೇಲೆ ಅವನು ಬೇರೆ ಊರಿಗೆ ಹೋದ, ಲಿಫ್ಟ್ ಕಂಪನಿಯ ಆಫೀಸಿನಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತಂತೆ ಎಂದು ಮಾವ ಸುದ್ದಿ ತಂದ.

ಮಸಿ ಮತ್ತು ಗುಂಡ ನಮ್ಮಲ್ಲೇ ಉಳಿದವು. ತಟ್ಟೆ ತುಂಬ ಹಾಕಿದರೂ ಬಹಳ ದಿನ ಗೋಡೆ ಕಡೆ ಮುಖಮಾಡಿ ಗಬಗಬ ತಿನ್ನುತ್ತಿದ್ದವು. ಅಮ್ಮ ಅವುಗಳನ್ನು ಬೈಲಿಗೆ ಕರೆದೊಯ್ದು ಚೆಂಡು ಎಸೆಯುತ್ತಿದ್ದಳು, ಹುಲ್ಲಿನಲ್ಲಿ ಮಾಂಸದ ಚೂರು ಬಚ್ಚಿಡುತ್ತಿದ್ದಳು. ಬಟ್ಟೆಯನ್ನು ಮಾತ್ರ ಎಂದೂ ಮೂಸಲು ಕೊಡಲಿಲ್ಲ.

ಕಾಲೇಜಿನ ಮೊದಲ ವರ್ಷದಲ್ಲಿ ನನಗೊಂದು ಫೋನ್ ಬಂತು. ಅಪ್ಪ. ಧ್ವನಿ ಮೆತ್ತಗಾಗಿತ್ತು, ನನಗೆ ಅಳುವೇ ಬಂತು. ಓದಿನ ಬಗ್ಗೆ ಕೇಳಿದ. ನಾಯಿಗಳು ಹೇಗಿವೆ ಎಂದ. ಗುಂಡನ ಮೂತಿ ನರೆತಿದೆ ಎಂದರೆ ನಕ್ಕ. ಅವನು ಬದಲಾಗಿದ್ದಾನೆ ಎಂದು ಅಮ್ಮನಿಗೆ ಹೇಳಬೇಕು ಅಂದುಕೊಳ್ಳುತ್ತಿದ್ದೆ.

"ಅಮ್ಮ ಈಗಲೂ ಅದೇ ಅಂಗಡೀಲಿದ್ದಾಳಾ? ಯಾವ ಕಡೆಯಿಂದ ಬರ್ತಾಳೆ, ದೊಡ್ಡ ರಸ್ತೆಯಿಂದಲಾ?"

ಹಗುರವಾಗಿ, ನಡುವೆ ನೆನಪಾದವನ ಹಾಗೆ ಕೇಳಿದ. ನಾನು ಉತ್ತರ ಕೊಡದೆ ಫೋನ್ ಇಟ್ಟೆ.

ಸಂಜೆ ಅಮ್ಮನಿಗೆ ಹೇಳಿದೆ. ಅವಳು ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು.

"ಹೇಳಿದ್ಯಾ?"

"ಇಲ್ಲ."

"ಸರಿ," ಎಂದು ಎದ್ದು ಅಟ್ಟದಿಂದ ಚೀಲಗಳನ್ನು ಇಳಿಸತೊಡಗಿದಳು. ಆ ವಾರವೇ ನಾವು ಮನೆ ಬದಲಾಯಿಸಿದೆವು. ಸಾಮಾನನ್ನು ಮಾವನ ವ್ಯಾನಿಗೆ ಏರಿಸಲು ಗಾಳಿ ತಾತನೂ ಬಂದಿದ್ದ. ಎಲ್ಲಿಗೆ ಹೋಗುತ್ತಿದ್ದೇವೆಂದು ಅವನು ಕೇಳಲಿಲ್ಲ, ನಾವೂ ಹೇಳಲಿಲ್ಲ.