ಹೊತ್ತಿದ ಹುಲ್ಲಿನ ಗಾಡಿ

ಭೀಮಣ್ಣನಿಗೆ ಪಂಚಾಯ್ತಿಯವರು ಶಾಲು ಹೊದಿಸಿದ್ದೇ ತಪ್ಪಾಯಿತು ಎಂದು ಈಗ ಹೇಳುವವರಿದ್ದಾರೆ. ಆಗ ಚಪ್ಪಾಳೆ ತಟ್ಟಿದವರೂ ಅವರೇ. ಮೂರು ವರ್ಷದ ಹಿಂದೆ, ಅಂಬ್ಲಿಗೊಳದ ಕಾಲುವೆ ಬದಿಯ ಅವನ ಊರಿನ ನಡುಬೀದಿಯಲ್ಲೇ ಹುಲ್ಲು ತುಂಬಿದ ಟ್ರೇಲರಿಗೆ ಕರೆಂಟಿನ ಕಿಡಿ ಬಿದ್ದು ಹೊತ್ತಿಕೊಂಡಿತ್ತು. ಎಲ್ಲರೂ ಬಾಯಿ ಬಡಿದುಕೊಳ್ಳುತ್ತಿದ್ದಾಗ ಭೀಮಣ್ಣ ಟ್ರ್ಯಾಕ್ಟರ್ ಏರಿ, ಉರಿಯುವ ಲೋಡನ್ನು ಎಳೆದುಕೊಂಡು ಹೋಗಿ ಊರ ಕೆರೆಗೆ ಇಳಿಸಿಬಿಟ್ಟ. ಕೆರೆ ತುಂಬಿತ್ತು, ಬೆಂಕಿ ಆರಿತು, ಊರು ಉಳಿಯಿತು. ಅದರ ವಿಡಿಯೊ ಶಿಕಾರಿಪುರದ ತುಂಬಾ ಓಡಾಡಿತು. ಅಂದಿನಿಂದ ಅವನ ತಲೆಯಲ್ಲಿ ಒಂದೇ ಮಾತು ಮೊಳೆ ಹೊಡೆದ ಹಾಗೆ ಕೂತಿತ್ತು. ಹುಲ್ಲಿಗೆ ಬೆಂಕಿ ಬಿದ್ದರೆ ಕೆರೆಗೆ ಓಡಿಸಬೇಕು, ಅಷ್ಟೇ.

ಆದರೆ ಈ ವರ್ಷದ ಬೇಸಿಗೆ ಬೇರೆಯೇ ಇತ್ತು. ಯುಗಾದಿಯಿಂದ ಈಚೆಗೆ ಒಂದು ಹನಿ ಬಿದ್ದಿರಲಿಲ್ಲ. ಹನ್ನೊಂದರಿಂದ ನಾಲ್ಕರವರೆಗೆ ಮನೆಯಿಂದ ಹೊರಬರಬೇಡಿ, ಬಿಸಿಗಾಳಿ ಇದೆ ಎಂದು ದಿನಾ ಫೋನಿಗೆ ಮೆಸೇಜು ಬರುತ್ತಿತ್ತು. ಹೊರಬರದಿದ್ದರೆ ಊಟ ಯಾರು ಹಾಕುತ್ತಾರೆ ಎನ್ನುವುದು ಮಾತ್ರ ಅದರಲ್ಲಿ ಬರೆದಿರುತ್ತಿರಲಿಲ್ಲ. ಅರಣ್ಯ ಇಲಾಖೆಯ ಜೀಪು ಮೈಕು ಕಟ್ಟಿಕೊಂಡು, ಬೀಡಿ ಎಸೆಯಬೇಡಿ, ತರಗು ಸುಡಬೇಡಿ ಎಂದು ಊರೂರು ಸುತ್ತುತ್ತಿತ್ತು. ಸೊರಬದ ಕಡೆಯ ಕಾಡುಗಳಲ್ಲಿ ಬಿದಿರು ಹೂಬಿಟ್ಟು ಸತ್ತು ಒಣಗಿ ನಿಂತಿತ್ತು. ಅದರ ಮಗ್ಗುಲಿನ ಅಕೇಶಿಯಾ ತೋಪುಗಳಲ್ಲಿ ಕಾಲಿಟ್ಟರೆ ಒಣ ಎಲೆ ಮೊಣಕಾಲಿಗೆ ಬರುತ್ತಿತ್ತು.

ಅಂಥ ದಿನ ಉಳವಿಯ ಹತ್ತಿರದ ಶುಂಠಿ ಹೊಲಕ್ಕೆ ಒಂದು ಲೋಡು ಹುಲ್ಲು ಹೋಗಬೇಕಿತ್ತು. ಮಡಿಗೆ ಹುಲ್ಲು ಹೊದಿಸದಿದ್ದರೆ ನೆಟ್ಟ ಶುಂಠಿ ನೆಲದೊಳಗೇ ಬೆಂದು ಹೋಗುತ್ತದೆ ಎಂದು ಹೊಲದ ಯಜಮಾನ ನಾಗಪತಿ ಬೆಳಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ದ. ನಸುಕಿನಲ್ಲೇ ಹೊರಡಬೇಕಿದ್ದ ಗಾಡಿ ಪಂಕ್ಚರ್ ಆಗಿ ಹತ್ತೂವರೆ ಹೊಡೆಯಿತು. ಲೋಡಿನ ಮೇಲೆ ಕೂರುವವನು ಪರಶುರಾಮ, ಭೀಮಣ್ಣನ ಹೆಂಡತಿ ಧನಲಕ್ಷ್ಮಿಯ ತಮ್ಮ. ರಸ್ತೆಗೆ ಅಡ್ಡ ಜೋತುಬಿದ್ದ ಕರೆಂಟಿನ ತಂತಿಗಳನ್ನು ಒಣ ಬಿದಿರಿನ ಕವೆಗೋಲಿನಿಂದ ಎತ್ತಿ ಹಿಡಿದು ಲೋಡು ದಾಟಿಸುವುದು ಅವನ ಕೆಲಸ. ತಾಯಿ ಸತ್ತಾಗ ಅವನಿಗೆ ಎರಡು ವರ್ಷ. ಧನಲಕ್ಷ್ಮಿಯೇ ಸೊಂಟದ ಮೇಲೆ ಹೊತ್ತು ಸಾಕಿದ್ದಳು, ಮದುವೆಯಾಗಿ ಬರುವಾಗಲೂ ಜೊತೆಗೇ ಕರೆದುಕೊಂಡು ಬಂದಿದ್ದಳು. ಈಗ ಅವನಿಗೆ ಮೂವತ್ತು ದಾಟಿತ್ತು.

"ಸಂಜಿಗೆ ಹೋಗ್ರಿ," ಎಂದಳು ಧನಲಕ್ಷ್ಮಿ. "ಈ ಬಿಸ್ಲಿಗೆ ತಂತಿ ಎಲ್ಲಾ ಕೆಳಗ್ ಇಳಿದಾವೆ. ಮ್ಯಾಲೆ ಕುಂತೋನು ನನ್ ತಮ್ಮ, ನೆನಪಿಟ್ಕಳ್ರಿ."

"ನಂಗೆ ಹುಲ್ಲೂ ಹೊಸದಲ್ಲ, ಬೆಂಕೀನೂ ಹೊಸದಲ್ಲ," ಎಂದ ಭೀಮಣ್ಣ.

ಲೋಡಿನ ಮೇಲಿನಿಂದ ಪರಶುರಾಮ ನಕ್ಕ. "ಹೆದರ್ಬ್ಯಾಡ ಅಕ್ಕಾ. ಬೆಂಕಿ ಬಿದ್ರೆ ಭಾವಂಗೆ ಇನ್ನೊಂದ್ ಶಾಲು ಗ್ಯಾರಂಟಿ."

ಸೊರಬ ತಾಲ್ಲೂಕಿನ ಬೋರ್ಡು ದಾಟಿದ ಮೇಲೆ ಬಲಗಡೆ ಒಂದು ಹಳೆಯ ಕಲ್ಲುಕ್ವಾರಿ ಇದೆ. ಜಂಬಿಟ್ಟಿಗೆ ಕಲ್ಲು ಕೊಯ್ದು ಬಿಟ್ಟ ಜಾಗ. ಒಂದು ಕಡ್ಡಿ ಹುಲ್ಲೂ ಇಲ್ಲ, ಬರೀ ಕೆಂಪು ನೆಲ. ಅದನ್ನು ದಾಟಿದರೆ ಒಂದೂವರೆ ಕಿಲೋಮೀಟರು ರಸ್ತೆಯ ಎರಡೂ ಕಡೆ ಕಾಡು, ಕಾಡು ಮುಗಿದ ಕೂಡಲೇ ಒಂದು ಕೆರೆ. ಕ್ವಾರಿಯ ಎದುರಿನ ತಂತಿಯನ್ನು ಪರಶುರಾಮ ಕೋಲಿನಿಂದ ಎತ್ತಿದ್ದ, ಲೋಡು ಅರ್ಧ ದಾಟಿತ್ತು. ಅಷ್ಟರಲ್ಲಿ ಎಲ್ಲಿಂದಲೋ ಒಂದು ಬಿಸಿ ಗಾಳಿ ಬೀಸಿ ಎರಡು ತಂತಿಗಳು ಒಂದಕ್ಕೊಂದು ಬಡಿದುಕೊಂಡವು. ಕಿಡಿ ಅವನ ಬೆನ್ನ ಹಿಂದೆ ಹುಲ್ಲಿಗೆ ಬಿತ್ತು.

ಪರಶುರಾಮ ಮೊದಲು ಕಾಲಿನಲ್ಲಿ ತುಳಿದ. ಆಮೇಲೆ ಹೊತ್ತಿದ ಹುಲ್ಲನ್ನು ಕೋಲಿನಿಂದ ಎತ್ತಿ ಹೊರಗೆ ಎಸೆಯಲು ನೋಡಿದ. ಆ ಬಿಸಿಲಿನಲ್ಲಿ ಅದೆಲ್ಲ ನಡೆಯುವ ಮಾತೇ? ಬೆಂಕಿ ಮೈಗೆ ಬರುತ್ತಲೇ ಪಕ್ಕಕ್ಕೆ ಹಾರಿದ. ಅದೇ ಹೊತ್ತಿಗೆ ಬೆಂಕಿ ಕಂಡ ಭೀಮಣ್ಣ ಗೇರು ಬದಲಿಸಿ ಗಾಡಿಯನ್ನು ಮುಂದಕ್ಕೆ ಎಗರಿಸಿದ್ದರಿಂದ ಪರಶುರಾಮನ ಕಾಲು ಟಾರಿನ ಅಂಚಿಗೆ ಬಡಿದು ಮುರಿಯಿತು.

ಬಿದ್ದಲ್ಲಿಂದಲೇ ಕೂಗಿದ. "ಭಾವಾ, ನಿಲ್ಸು. ಕ್ವಾರಿಗೆ ತಿರುಗ್ಸು, ಮುಂದಕ್ ಹೋಗ್ಬ್ಯಾಡ."

ಭೀಮಣ್ಣನಿಗೆ ಇದು ಕೇಳಿಸಿತು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಎಂಜಿನ್ನಿನ ಸದ್ದಿಗೆ ಕೇಳಿಸಿರಲಿಕ್ಕಿಲ್ಲ ಎಂದು ಆಮೇಲೆ ಊರ ಮಂದಿ ಅವನ ಪರವಾಗಿ ಕಥೆ ಕಟ್ಟಿದರು. ಕನ್ನಡಿಯಲ್ಲಿ ಪರಶುರಾಮ ಕಾಲು ಹಿಡಿದುಕೊಂಡು ಕೈಬೀಸುವುದೂ ಕಂಡಿತು. ಮೊದಲು ಬೆಂಕಿ ಕೆರೆಗೆ, ಆಮೇಲೆ ಇವನ ಕಡೆಗೆ ಎಂದುಕೊಂಡ ಭೀಮಣ್ಣ ಆಕ್ಸಿಲೇಟರ್ ಒತ್ತಿದ. ಅವನಿಗೆ ಹೆದರಿಕೆಯೇ ಆಗಿರಲಿಲ್ಲ, ಅದೇ ದೊಡ್ಡ ತಪ್ಪು.

ಓಡಿದಷ್ಟೂ ಗಾಳಿ, ಗಾಳಿ ಆಡಿದಷ್ಟೂ ಬೆಂಕಿ. ಕತ್ತಿನ ಹಿಂದೆ ಕೂದಲು ಸುಟ್ಟ ವಾಸನೆ ಬಂತು. ಅಂಗಿ ಬೆನ್ನಿಗೆ ಅಂಟಿಕೊಂಡಿತು. ಅವನು ತಿರುಗಿ ನೋಡಲಿಲ್ಲ, ಕೆರೆ ಏರಿಯನ್ನೇ ನೋಡುತ್ತ ಓಡಿಸಿದ. ಕೆರೆ ಏರಿ ಕಂಡಿತು, ದನ ಇಳಿಯುವ ದಾರಿ ಕಂಡಿತು, ಅದರಲ್ಲೇ ಗಾಡಿ ಇಳಿಸಿದ. ಇಳಿಸಿ ಕಣ್ಣು ಬಿಟ್ಟು ನೋಡಿದರೆ ಕೆರೆಯಲ್ಲಿ ಒಂದು ಬೊಗಸೆ ನೀರಿಲ್ಲ. ನೆಲ ಬಿರುಕುಬಿಟ್ಟು ಬಾಯಿ ತೆರೆದುಕೊಂಡಿತ್ತು.

ಕೊಂಡಿಯ ಪಿನ್ನು ಕಿತ್ತು ಟ್ರ್ಯಾಕ್ಟರನ್ನು ಮಾತ್ರ ದೂರ ತಂದ. ಟ್ರೇಲರು ಬರಿ ನೆಲದ ಮೇಲೆ ಒಂಟಿಯಾಗಿ ಉರಿಯತೊಡಗಿತು. ಏರಿಯ ಆಲದ ಮರದ ಕೆಳಗೆ ಎಮ್ಮೆ ಬಿಟ್ಟುಕೊಂಡು ಕೂತಿದ್ದ ಪರಮಶಿವಪ್ಪ ಎಂಬ ಮುದುಕ ಓಡಿಬಂದು ತನ್ನ ಬಾಟಲಿಯ ನೀರು ಕೊಟ್ಟ. ಇನ್ನಿಬ್ಬರು ಫೋನು ಹಿಡಿದು ವಿಡಿಯೊ ಮಾಡುತ್ತಿದ್ದರು.

"ಬಂಗಾರದಂಥ ಕೆಲ್ಸ ಮಾಡ್ದೆ ಮಾರಾಯ," ಎಂದ ಪರಮಶಿವಪ್ಪ. "ಕಾಡು ಉಳಿಸ್ದೆ."

ನೀರು ಗಂಟಲಿನಲ್ಲಿ ಇಳಿಯುವಾಗ ಭೀಮಣ್ಣ ಬಂದ ದಾರಿಯನ್ನು ನೋಡಿದ. ಮೊದಲು ಒಂದು ಕಡೆ ಹೊಗೆ ಕಂಡಿತು. ಆಮೇಲೆ ಅದರಾಚೆ ಇನ್ನೊಂದು. ಆಮೇಲೆ ರಸ್ತೆಯುದ್ದಕ್ಕೂ, ಎಡಕ್ಕೂ ಬಲಕ್ಕೂ. ಅವನ ಲೋಡಿನಿಂದ ಒಂದೊಂದೇ ಹಿಡಿ ಉರಿಯುವ ಹುಲ್ಲು ಹಾರಿ, ಒಂದೂವರೆ ಕಿಲೋಮೀಟರಿನ ಕಾಡಿಗೂ ಸಾಲಾಗಿ ಬೆಂಕಿ ಬಿದ್ದಿತ್ತು. ಸತ್ತ ಬಿದಿರು ಪಟಪಟ ಸಿಡಿಯುವುದು ಅಲ್ಲಿಗೇ ಕೇಳುತ್ತಿತ್ತು. ಗಾಳಿ ಕ್ವಾರಿಯ ಕಡೆಗೆ, ಪರಶುರಾಮ ಬಿದ್ದ ಕಡೆಗೇ ಬೀಸುತ್ತಿತ್ತು.

ಬಾಟಲಿ ಕೈಯಿಂದ ಬಿತ್ತು. "ನನ್ ಹೆಂಡ್ತಿ ತಮ್ಮ ಅಲ್ಲೇ ಅವನೆ," ಎಂದು ಟ್ರ್ಯಾಕ್ಟರಿಗೆ ಹಾರಿದ.

ಕಾಡಿನ ಬಾಯಿಯಲ್ಲಿ ಯೋಗೇಶ ಅಡ್ಡ ನಿಂತಿದ್ದ. ಇಲಾಖೆ ಬೇಸಿಗೆಗೆಂದು ಇಟ್ಟುಕೊಂಡ ಬೆಂಕಿ ಕಾವಲುಗಾರ. ಕೈಯಲ್ಲಿ ಬೆಂಕಿ ಬಡಿಯುವ ಹಸಿ ಸೊಪ್ಪಿನ ಕೊಂಬೆ, ಜೊತೆಗೆ ಇಬ್ಬರೇ ಆಳು.

"ಒಳಗ್ ಹೋದ್ರೆ ನೀವೂ ವಾಪಸ್ ಬರಲ್ಲ. ನಿಲ್ಲಿಸಿ ಅಂದ್ನಲ್ಲ ನಾನು."

ಭೀಮಣ್ಣ ನಿಲ್ಲಿಸಲಿಲ್ಲ. ನೂರು ಮಾರು ಹೋಗುವಷ್ಟರಲ್ಲಿ ಹೊಗೆಗೆ ಕಣ್ಣು ಕಾಣದಾಯಿತು, ಸ್ಟೀರಿಂಗ್ ಕೈ ಸುಟ್ಟಿತು, ಎಂಜಿನ್ನು ಕೆಮ್ಮಿ ನಿಂತಿತು. ಹಿಂದಕ್ಕೆ ಓಡಿಬಂದ. ನೀರು ಕೊಡಿ, ನೀರು ಕೊಡಿ ಎಂದು ಯೋಗೇಶನ ಕಾಲಿಗೇ ಬಿದ್ದ. ಯೋಗೇಶನ ಹತ್ತಿರ ಇದ್ದದ್ದು ಕುಡಿಯಲು ತಂದ ಒಂದು ಕ್ಯಾನು. ಅವನು ಒಂದು ಕ್ಷಣ ನೋಡಿ, ಎರಡು ಗೋಣಿಚೀಲಗಳ ಮೇಲೆ ಅದನ್ನು ಪೂರ್ತಿ ಸುರಿದ. ಒಂದನ್ನು ಭೀಮಣ್ಣನಿಗೆ ಹೊದಿಸಿ, ಇನ್ನೊಂದನ್ನು ತಾನು ಹೊದ್ದುಕೊಂಡ.

"ರಸ್ತೆ ನಡೂಮಧ್ಯ ನಡೀರಿ. ಕೆಳಗ್ ಬಗ್ಗಿ. ಆಮೇಲೆ ದೇವ್ರು."

ಇಬ್ಬರೂ ನಡೆದರು. ಕಾಲಡಿ ಟಾರು ಮೆತ್ತಗಾಗಿ ಚಪ್ಪಲಿಗೆ ಹಿಡಿಯುತ್ತಿತ್ತು. ಭೀಮಣ್ಣ ಪರಶುರಾಮನ ಹೆಸರು ಕೂಗಿದ, ಮನೆದೇವರ ಹೆಸರು ಕೂಗಿದ, ಕೊನೆಗೆ ಯಾವುದನ್ನು ಕೂಗುತ್ತಿದ್ದೇನೆಂದು ಅವನಿಗೇ ತಿಳಿಯದಾಯಿತು. ನನ್ನನ್ನು ಸುಡು, ಅವನನ್ನು ಬಿಡು ಎಂದು ಬಾಯಿಬಿಟ್ಟು ಬೇಡಿಕೊಂಡ. ಅಲ್ಲಿ ಕೇಳಿಸಿಕೊಳ್ಳುವವರು ಯೋಗೇಶನೊಬ್ಬನೇ.

ಕ್ವಾರಿ ಇನ್ನೂ ನೂರು ಮಾರು ಇರುವಾಗ ರಸ್ತೆಯ ಕೆಳಗಿನ ಮೋರಿಯೊಳಗಿಂದ ಒಂದು ಕೈ ಹೊರಗೆ ಚಾಚಿಕೊಂಡಿರುವುದು ಕಂಡಿತು. ಕ್ವಾರಿಯ ಹತ್ತಿರವೇ ಬಿದ್ದಿದ್ದ ಪರಶುರಾಮ ಕಾಡಿನೊಳಗೆ ಯಾಕೆ ಬಂದ? ಮುರಿದ ಕಾಲು ಎಳೆದುಕೊಂಡು, ಉರಿಯುವ ಗಾಡಿಯ ಹಿಂದೆಯೇ ಬಂದಿದ್ದ. ರಸ್ತೆಗೆ ಬಿದ್ದ ಹುಲ್ಲನ್ನು ಅಂಗಿಯಿಂದ ಬಡಿಬಡಿದು ಆರಿಸುತ್ತ ಅಷ್ಟು ದೂರ ತೆವಳಿದ್ದ. ನಾಲ್ಕು ಕಡೆ ಆರಿಸಿದ್ದ. ಐದನೆಯದು ಅವನನ್ನು ಬಿಡಲಿಲ್ಲ.

ಬೆನ್ನು ಪೂರ್ತಿ ಬೆಂದಿತ್ತು. ಭೀಮಣ್ಣನನ್ನು ನೋಡಿ, "ಬಂದ್ಯಾ ಭಾವ," ಎಂದನಷ್ಟೆ.

ಅವನನ್ನು ಗೋಣಿಚೀಲದಲ್ಲಿ ಹೊತ್ತು ಕ್ವಾರಿಯ ಬಯಲಿಗೆ ತಂದು ಮಲಗಿಸಿದರು. ಆ ಕೆಂಪು ನೆಲಕ್ಕೆ ಬೆಂಕಿ ಬರಲು ದಾರಿಯೇ ಇರಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿ ಆದಮೇಲೆ ಯೋಗೇಶನ ಸಿಟ್ಟು ಹೊರಬಿತ್ತು. "ಇಷ್ಟು ಜಾಗ ಬಿಟ್ಟು ಹೊತ್ತಿದ್ ಗಾಡೀನ ಕಾಡೊಳಗೆ ಯಾಕ್ರೀ ಓಡಿಸಿದ್ರಿ? ಯಾರ್ ಹೇಳಿದ್ರು ನಿಮಗೆ?"

ಭೀಮಣ್ಣ ಬಾಯಿ ತೆರೆಯುವ ಮೊದಲೇ ನೆಲದಿಂದ ದನಿ ಬಂತು. "ನಾನೇ ಹೇಳ್ದೆ. ಕೆರಿಗೆ ಹೋಗು ಭಾವ ಅಂತ ನಾನೇ ಕೂಗ್ದೆ."

ಆಂಬುಲೆನ್ಸು ಬರುವ ಹೊತ್ತಿಗೆ ಧನಲಕ್ಷ್ಮಿಯೂ ಸುದ್ದಿ ಕೇಳಿ ಯಾರದೋ ಬೈಕಿನ ಹಿಂದೆ ಕೂತು ಬಂದಳು. ಅಳಲಿಲ್ಲ. ತಮ್ಮನ ತಲೆಯ ಹತ್ತಿರ ಕೂತು, ಸುಡದೆ ಉಳಿದಿದ್ದ ಹಣೆಯ ಮೇಲೆ ಕೈಯಿಟ್ಟಳು. ಸ್ಟ್ರೆಚರು ಒಳಗೆ ಏರಿಸುವಾಗ ಯೋಗೇಶ ತಗ್ಗಿದ ದನಿಯಲ್ಲಿ, "ಇವ್ರೇ ಹೋಗು ಅಂದಿದ್ರಂತೆ ಅಮ್ಮ, ನಿಮ್ ಯಜಮಾನ್ರದ್ದು ಏನೂ ತಪ್ಪಿಲ್ಲ," ಎಂದ.

ಅವಳು ಗಂಡನ ಕಡೆ ತಿರುಗಿದಳು. "ಹೌದೇನ್ರಿ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಭೀಮಣ್ಣ ಇದ್ದದ್ದನ್ನೇ ಹೇಳಿದ. "ನಿಲ್ಸು ಅಂದ. ಕ್ವಾರಿಗೆ ತಿರುಗ್ಸು ಅಂದ. ಕೇಳಿಸ್ತು ನಂಗೆ."

"ಸುಳ್ಳು ಅಕ್ಕಾ," ಎಂದ ಪರಶುರಾಮ ಒಳಗಿನಿಂದ. ಅಷ್ಟಕ್ಕೇ ಉಸಿರು ಸಾಲದೆ ಎದೆ ಎದ್ದೆದ್ದು ಬಿತ್ತು. ನರ್ಸು ಮಾತಾಡಬೇಡಿ ಎಂದಳು. ಅವನು ಮತ್ತೆ, "ನಾನೇ ಅಂದಿದ್ದು, ಭಾವ ಸುಳ್ಳು ಹೇಳ್ತಾನೆ," ಎಂದು ಶುರುಮಾಡಿದ.

ಧನಲಕ್ಷ್ಮಿ ಒಳಗೆ ಹತ್ತಿದಳು. ಭೀಮಣ್ಣನೂ ಹತ್ತಲು ಒಂದು ಕಾಲು ಮೇಲಿಟ್ಟ. ಅವಳು ಬಾಗಿಲಿಗೆ ಕೈ ಅಡ್ಡ ಇಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನು ತಾಳಿಕೊಳ್ಳುತ್ತಿದ್ದ.

"ನಿಮ್ಮನ್ನ ಉಳ್ಸಾಕೆ ಇರೋ ಉಸ್ರೆಲ್ಲಾ ಖರ್ಚು ಮಾಡ್ತಾನೆ ಅವ್ನು. ನೀವ್ ಎದುರಿಗಿದ್ರೆ ಸುಮ್ನಿರಲ್ಲ. ಬರಬ್ಯಾಡ್ರಿ."

ಅವನು ಕಾಲು ಕೆಳಗಿಟ್ಟ. ಬಾಗಿಲು ಮುಚ್ಚಿತು.